ತೂಕ ಜಾಸ್ತಿ ಬಂದರೆ ಉತ್ಪಾದನೆಯೂ ಜಾಸ್ತಿಯೇ?

ಪ್ರಶ್ನೆ: ನಾನು ಸಸ್ಯಶಾಸ್ತ್ರದ ವಿದ್ಯಾರ್ಥಿನಿ. ಎತ್ತರದ ಒಂದು ಬೆಟ್ಟದ ಕಾಡು, ಕುರುಚಲು, ಹುಲ್ಲುಗಾವಲು, ತುದಿಯ ಕಲ್ಲುನೆಲ ನಾಲ್ಕರಲ್ಲೂ ಸಸ್ಯ ಹೊದಿಕೆ (ನೆಲದ ಶೇಕಡಾ ಎಷ್ಟು ಭಾಗವನ್ನು ಗಿಡಗಳು ಮುಚ್ಚಿವೆ) ಮತ್ತು ಉತ್ಪಾದಕತೆ (ವರ್ಷಕ್ಕೆ ಎಷ್ಟು ಹೊಸದಾಗಿ ಬೆಳೆಯುತ್ತದೆ) ಅಳೆಯುತ್ತಿದ್ದೇನೆ. ಕುರುಚಲಿನಲ್ಲಿ ಹೊದಿಕೆಯ ಮೊತ್ತ ಶೇ 100 ದಾಟುತ್ತಿದೆ. ತುದಿಯಲ್ಲಿ ನೆಲಕ್ಕಂಟಿ ದಿಂಬಿನಂತೆ ಬೆಳೆಯುವ ಗಿಡಗಳನ್ನು ಕೊಯ್ದು ಒಣಗಿಸಿ ತೂಗಿದರೆ ಹುಲ್ಲಿಗಿಂತ ಹೆಚ್ಚು ತೂಕ ಬಂತು. ಅಲ್ಲೇ ಉತ್ಪಾದನೆ ಹೆಚ್ಚು ಅಂತ ಬರೆಯಬಹುದೇ?

ಉತ್ತರ: ದಯವಿಟ್ಟು ಹಾಗೆ ಬರೆಯಬೇಡಿ. ನೀವು ತೂಗಿದ್ದು ಒಂದು ವರ್ಷದ ಬೆಳವಣಿಗೆಯನ್ನಲ್ಲ, ಎಷ್ಟೋ ವರ್ಷಗಳಿಂದ ಕೂಡಿಟ್ಟಿದ್ದನ್ನು. ಇಂಥ ಗಿಡಗಳು ತುಂಬಾ ನಿಧಾನವಾಗಿ ಬೆಳೆಯುತ್ತವೆ, ಬಹಳ ಕಾಲ ಬದುಕುತ್ತವೆ. ಹಳೆಯ ಎಲೆ, ಕಾಂಡ ಎಲ್ಲಾ ಒಳಗೇ ಉಳಿದಿರುತ್ತವೆ. ಹುಲ್ಲಿನ ಮೇಲ್ಭಾಗವೋ ಬಹುಮಟ್ಟಿಗೆ ಪ್ರತಿ ವರ್ಷ ಒಣಗಿ ಹೊಸದಾಗಿ ಬರುತ್ತದೆ. ಹಾಗಾಗಿ ಅದು ಪೂರ್ತಿ ಬೆಳೆದು ನಿಂತಾಗ ಕೊಯ್ದು, ಒಣಕಲನ್ನು ಬೇರೆ ಮಾಡಿದರೆ, ಹಸಿರು ಭಾಗದ ಒಣ ತೂಕ ಆ ವರ್ಷದ ಉತ್ಪಾದನೆಗೆ ಹತ್ತಿರ ಇರುತ್ತದೆ. ದನಕರು, ಕುರಿ ಮೇಯುವ ಜಾಗವಾದರೆ ಮೊದಲೇ ತಂತಿ ಬಲೆಯ ಪಂಜರ ಮುಚ್ಚಿಡಬೇಕು. ಇಲ್ಲದಿದ್ದರೆ ಮೇದು ಹೋದದ್ದು ಲೆಕ್ಕಕ್ಕೇ ಬರಲ್ಲ.

ತುದಿಯ ಗಿಡಗಳಲ್ಲೂ ಕುರುಚಲಿನಲ್ಲೂ ಈ ವರ್ಷದ ಚಿಗುರನ್ನಷ್ಟೇ ಬಿಡಿಸಿ ತೂಗಿ. ಬೇಸರದ ಕೆಲಸ, ನಿಜ. ಆದರೆ ಉತ್ಪಾದಕತೆ ಸಿಗುವುದು ಅಲ್ಲೇ. ಓವನ್ನಿನಲ್ಲಿ ಸುಮಾರು 65 ಡಿಗ್ರಿ ಸೆಲ್ಸಿಯಸ್‌ನಲ್ಲಿ, ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ. ಮರಗಳಿಗೆ ದಾರಿಯೇ ಬೇರೆ: ಎದೆಮಟ್ಟದಲ್ಲಿ ಸುತ್ತಳತೆ ವರ್ಷಕ್ಕೆ ಎಷ್ಟು ಹೆಚ್ಚಿತು ನೋಡಿ, ಆ ಜಾತಿಗೆ ಹೊಂದುವ ಸಮೀಕರಣದಿಂದ ತೂಕ ಲೆಕ್ಕ ಹಾಕಿ, ಬಲೆ ಕಟ್ಟಿ ಹಿಡಿದ ತರಗೆಲೆಯ ತೂಕ ಸೇರಿಸಬೇಕು. ಇಷ್ಟೆಲ್ಲಾ ಮಾಡಿದರೂ ಇದು ನೆಲದ ಮೇಲಿನ ಲೆಕ್ಕ ಮಾತ್ರ. ಎತ್ತರದ ಹುಲ್ಲುಗಾವಲಲ್ಲಿ ಎಷ್ಟೋ ಸಲ ಮೇಲಿಗಿಂತ ಬೇರಲ್ಲೇ ತೂಕ ಜಾಸ್ತಿ. ಇದನ್ನು ವರದಿಯಲ್ಲಿ ಹೇಳಲೇಬೇಕು.

ಶೇ 100 ದಾಟಿದ್ದಕ್ಕೆ ಚಿಂತೆ ಬೇಡ. ಪೊದೆಯ ಕೆಳಗೆ ಹುಲ್ಲು, ಹುಲ್ಲಿನ ಕೆಳಗೆ ಪಾಚಿ ಇದ್ದರೆ ಒಂದೇ ಜಾಗ ಮೂರು ಸಲ ಎಣಿಕೆಯಾಗುತ್ತದೆ. ಜಾತಿವಾರು ಮೊತ್ತ ಒಂದು ಕಡೆ, ಮೇಲಿಂದ ನೋಡಿದಾಗ ಮುಚ್ಚಿರುವ ನೆಲ ಎಷ್ಟು ಅನ್ನುವುದು ಇನ್ನೊಂದು ಕಡೆ ಬರೆಯಿರಿ. ಎರಡನೆಯದು 100 ದಾಟಬಾರದು. ಹೊದಿಕೆಯನ್ನು ಕಣ್ಣಂದಾಜಿನಲ್ಲಿ ಕೆಲವೇ ದರ್ಜೆಗಳಾಗಿ ಗುರುತಿಸುವ ಬ್ರೌನ್-ಬ್ಲಾಂಕೆ ಅಳತೆಪಟ್ಟಿ ಬಳಸುವುದಾದರೆ ಒಂದು ಎಚ್ಚರ. ಅದರಲ್ಲಿ ಶೇ 5ರಿಂದ 25ರವರೆಗೆ ಒಂದೇ ದರ್ಜೆ. ಬೇಗ ಮುಗಿಯುತ್ತದೆ, ಆದರೆ ವರ್ಷದಿಂದ ವರ್ಷಕ್ಕೆ ಆಗುವ ಸಣ್ಣ ಬದಲಾವಣೆ ಅದಕ್ಕೆ ಸಿಗುವುದಿಲ್ಲ. ಅದು ಬೇಕಿದ್ದರೆ ಚೌಕಟ್ಟಿನಲ್ಲಿ ಸಮ ಅಂತರಕ್ಕೆ ಕಡ್ಡಿ ಇಳಿಸಿ, ಯಾವ ಗಿಡಕ್ಕೆ ತಾಗಿತು ಅಂತ ಎಣಿಸುವುದೇ ಒಳ್ಳೆಯದು.

ಇಳಿಜಾರನ್ನೂ ಮರೆಯಬೇಡಿ. 30 ಡಿಗ್ರಿ ಇಳಿಜಾರಿನಲ್ಲಿ ನೆಲದ ಮೇಲೆ ಅಳೆದ 10 ಮೀಟರ್, ನಕ್ಷೆಯಲ್ಲಿ ಸುಮಾರು 8.7 ಮೀಟರ್ ಅಷ್ಟೇ. ಮುಂದೆ ಸೆಂಟಿನೆಲ್-2 ಉಪಗ್ರಹದ 10 ಮೀಟರ್ ಚಿತ್ರದ (ಅದರ ಒಂದೊಂದು ಚುಕ್ಕೆಯೂ ನೆಲದ ಮೇಲಿನ 10 ಮೀಟರ್ ಚೌಕ) ಜತೆ ಹೋಲಿಸುವಾಗ ಈ ತಿದ್ದುಪಡಿ ಬೇಕೇ ಬೇಕು. ಉಪಗ್ರಹದ ಹಸಿರು ಸೂಚ್ಯಂಕ ಎನ್‌ಡಿವಿಐ ದಟ್ಟ ಕಾಡಿನಲ್ಲಿ ಒಂದು ಮಟ್ಟಕ್ಕೆ ಬಂದು ನಿಂತುಬಿಡುತ್ತದೆ. ಕಲ್ಲುನೆಲದಲ್ಲಿ ಬರಿ ಮಣ್ಣು, ಬಂಡೆಯ ಬಣ್ಣವೂ ಅದರೊಳಗೆ ಸೇರುತ್ತದೆ. ಅದನ್ನೇ ಉತ್ಪಾದಕತೆ ಅಂದುಕೊಳ್ಳಬಾರದು.

ಕೊನೆಯದಾಗಿ, ನಾಲ್ಕೂ ಕಡೆ ಒಂದೇ ವಾರದಲ್ಲಿ ಕೊಯ್ಯಬೇಡಿ. ಸಾವಿರ ಮೀಟರ್ ಮೇಲೇರಿದರೆ ತಾಪಮಾನ ಸುಮಾರು 6 ಡಿಗ್ರಿ ಇಳಿಯುತ್ತದೆ, ಹಿಮ ಕರಗುವುದೂ ತಡ. ಕೆಳಗೆ ಹುಲ್ಲು ಒಣಗಲು ಶುರುವಾದಾಗ ಮೇಲೆ ಇನ್ನೂ ಚಿಗುರುತ್ತಿರಬಹುದು. ಒಂದೊಂದು ಜಾಗದಲ್ಲೂ ಬೆಳವಣಿಗೆ ನಡೆಯುವ ದಿನಗಳೆಷ್ಟು ಅಂತ ಬರೆದಿಟ್ಟುಕೊಳ್ಳಿ. ವರ್ಷದ ಲೆಕ್ಕದಲ್ಲಿ ಬಡವಾಗಿ ಕಾಣುವ ಎತ್ತರದ ಹುಲ್ಲುಗಾವಲು, ಆ ದಿನಗಳಿಂದ ಭಾಗಿಸಿದಾಗ ಕೆಳಗಿನ ಹುಲ್ಲುಗಾವಲಿಗೆ ಸಮನಾಗಿ ನಿಲ್ಲುವುದುಂಟು.