ಎರಡೂ ಕಡೆ ರಾಜನ ತಲೆ ಇದ್ರೆ 1919 ಎಲ್ಲಿ ಓದಿದ್ರಿ?

ನಮಸ್ಕಾರ ಮಾರಾಯ್ರೆ,

ಹಳೇ ನಾಣ್ಯಗಳಲ್ಲಿ ಟಂಕಸಾಲೆಯವರು ಮಾಡಿದ ತಪ್ಪು ಗುರುತಿಸೋದು ಹೆಂಗೆ ಅಂತ ನೀವು ಕಳಿಸಿದ ಹದಿನಾಲ್ಕು ಪುಟ ಎರಡು ಸಲ ಓದಿದೆ. ಒಂದ್ಸಲ ಆಫೀಸಲ್ಲಿ, ಇನ್ನೊಂದ್ಸಲ ತೀರ್ಥಳ್ಳಿ ಬಸ್ಸಲ್ಲಿ, ಮಂಡಗದ್ದೆ ಹತ್ರ ರೋಡಿಗೆ ಮರ ಬಿದ್ದು ಮುಕ್ಕಾಲು ಗಂಟೆ ನಿಂತಿದ್ವಲ್ಲ ಆಗ. ಹಿಂಗೇ ನಮ್ಮ ಪತ್ರಿಕೇಲಿ ಹಾಕಕ್ಕಾಗಲ್ಲ. ಯಾಕೆ ಅಂತ ನೇರ ಹೇಳ್ತೀನಿ, ಬೇಜಾರಾದ್ರೆ ಫೋನ್ ಮಾಡಿ ಬೈರಿ.

ಮೊದಲ ಹನ್ನೆರಡು ಪುಟ ಯಾರ ಮೊಬೈಲಲ್ಲಾದ್ರೂ ಸಿಗೋ ಸರಕು. ಚಿತ್ರ ಪಕ್ಕಕ್ಕೆ ಸರಿದ ಆಫ್ ಸೆಂಟರ್, ಎರಡು ಸಲ ಹೊಡೆತ ಬಿದ್ದ ಡಬಲ್ ಸ್ಟ್ರೈಕ್, ಅಚ್ಚು ಬಿರುಕು ಬಿಟ್ಟ ಡೈ ಕ್ರ್ಯಾಕ್, ಎಲ್ಲದಕ್ಕೂ ಎರಡೆರಡು ಸಾಲು, ಒಂದನ್ನೂ ನೀವು ಕೈಯಲ್ಲಿ ಹಿಡಿದು ನೋಡಿದಂಗಿಲ್ಲ. ಹದಿಮೂರನೇ ಪುಟದಲ್ಲಿ ಅಜ್ಜಿ ಎಲೆಅಡಿಕೆ ಡಬ್ಬಿ ತಳದಲ್ಲಿ ಸಿಕ್ಕ ಐದನೇ ಜಾರ್ಜ್ ಕಾಲದ ಕಾಲಾಣೆ ಬರುತ್ತೆ, ಒಂದು ಕಡೆ ರಾಜನ ತಲೆ ಉಬ್ಬಿದೆ, ಇನ್ನೊಂದು ಕಡೆ ಅದೇ ತಲೆ ಒಳಗೆ ತಗ್ಗಾಗಿ ಉಲ್ಟಾ ಕೂತಿದೆ ಅಂತೀರಿ, ನಾನು ಸೀಟಲ್ಲಿ ನೆಟ್ಟಗೆ ಕೂತೆ, ಅಷ್ಟರಲ್ಲಿ ನೀವು ಪ್ಯಾರಾ ಮುಗಿಸಿ ರೇಟಿನ ವಿಷಯಕ್ಕೆ ಹಾರಿಬಿಟ್ರಿ. ಅಲ್ಲ ಮಾರಾಯ್ರೆ, ನಿಮ್ಮ ಲೇಖನ ಅಲ್ಲೇ ಇತ್ತು!

ಅದಕ್ಕೆ ಬ್ರಾಕೇಜ್ ಅಂತಾರೆ, ನಾಣ್ಯ ಕೂಡಿಡೋರ ಬಾಯಲ್ಲಿ ಲಖಿ. ಹೊಡೆದ ನಾಣ್ಯ ಹೊರಗೆ ಬೀಳದೆ ಅಚ್ಚಿಗೇ ಅಂಟ್ಕೊಳುತ್ತೆ, ಮುಂದಿನ ಖಾಲಿ ಬಿಲ್ಲೆ ಬಂದು ಕೂರುತ್ತೆ, ಈಗ ಅದರ ಒಂದು ಮೈಗೆ ಅಚ್ಚು ಒತ್ತುತ್ತೆ, ಇನ್ನೊಂದು ಮೈಗೆ ಅಂಟ್ಕೊಂಡಿರೋ ನಾಣ್ಯದ ಮುಖ ಒತ್ತುತ್ತೆ. ನಮ್ಮ ಕೊಟ್ಟೆ ಕಡುಬು ಬಿಚ್ಚಿದಾಗ ಹಲಸಿನೆಲೆ ನರ ಕಡುಬಿನ ಮೈಮೇಲೆ ಗೆರೆಯಾಗಿ ಇಳಿದಿರುತ್ತಲ್ಲ, ಅದೇ ಲೆಕ್ಕ. ಇದನ್ನ ನೀವೇ ಬರೀಬೇಕಿತ್ತು.

ಈಗ ಮುಖ್ಯ ತಕರಾರು. ನೀವು ಅದನ್ನ '1919ರ ಕಾಲಾಣೆ' ಅಂತ ಬರೆದಿದೀರಿ. ಇಸವಿ ಇರೋದು ರಾಜನ ತಲೆ ಕಡೆ ಅಲ್ಲ, 'ಒನ್ ಕ್ವಾರ್ಟರ್ ಆನಾ' ಅಂತ ಇರುತ್ತಲ್ಲ ಆ ಕಡೆ. ನಿಮ್ಮ ನಾಣ್ಯದಲ್ಲಿ ಆ ಕಡೆಯೇ ಇಲ್ಲ. ಹಂಗಾದ್ರೆ 1919 ಎಲ್ಲಿಂದ ಬಂತು? ಒಂದೋ ಊಹೆ, ಇಲ್ಲಾಂದ್ರೆ ಡಬ್ಬಿಯಲ್ಲಿದ್ದ ಇನ್ನೊಂದು ಕಾಸಿಂದು. ನಾಣ್ಯ ಬಲ್ಲ ಓದುಗ ಇಲ್ಲೇ ನಿಮ್ಮ ಕೈ ಬಿಡ್ತಾನೆ. ಆ ರಾಜನ ಕಾಲಾಣೆ 1911ರಿಂದ 1936ರ ತನಕ ಬಂದಿದೆ, ಅಷ್ಟು ಧೈರ್ಯವಾಗಿ ಹೇಳಬಹುದು. ಇನ್ನೊಂದು ಸಣ್ಣ ಸುಳಿವೂ ಇದೆ, ರಾಜನ ಎದೆ ಮೇಲಿನ ಸರದಲ್ಲಿ ಪುಟ್ಟ ಆನೆ ಇದೆ ನೋಡಿ. 1911ರಲ್ಲಿ ಅದರ ಸೊಂಡಿಲು ಮೋಟಾಗಿ ಹಂದಿ ಥರ ಕಂಡು ಜನ ರೊಚ್ಚಿಗೆದ್ರು, 1912ರಿಂದ ತಿದ್ದಿದ ಆನೆ ಬಂತು. ಲೆನ್ಸ್ ಹಿಡಿದು ನೋಡಿ, ನಿಮ್ಮದ್ರಲ್ಲಿ ಹಂದಿಯೋ ಆನೆಯೋ ಬರೀರಿ, ಆನೆ ಸವೆದು ಹೋಗಿದ್ರೆ ಸವೆದಿದೆ ಅಂತಲೇ ಬರೀರಿ. (ಆ ಹಂದಿ ಟಂಕಸಾಲೆ ತಪ್ಪಲ್ಲ, ಡಿಸೈನ್ ಎಡವಟ್ಟು. ನೀವು ಎರಡನ್ನೂ ಒಂದೇ ಗಂಟಿಗೆ ಕಟ್ಟಿದೀರಿ.)

ಅದು ಅಸಲಿ ಲಖಿಯೋ, ಯಾರೋ ಎರಡು ಕಾಸು ಜೋಡಿಸಿ ವೈಸಿಗೆ (ಕಬ್ಬಿಣ ಬಿಗಿಯಾಗಿ ಹಿಡಿಯೋ ಇಕ್ಕಳಕ್ಕೆ) ಹಾಕಿ ಹಿಂಡಿದ್ದೋ ಅನ್ನೋದನ್ನೂ ನೀವು ಕೇಳ್ಕೊಂಡಿಲ್ಲ. ಹಿಂಡಿದ್ರೆ ತಗ್ಗಿದ ತಲೆ ಅಡಿಯಲ್ಲಿ ಹಳೇ ಅಕ್ಷರದ ಕುರುಹು ಉಳಿದಿರುತ್ತೆ, ಅಂಚು ಜಜ್ಜಿರುತ್ತೆ. ಅಸಲಿಯಲ್ಲಿ ಅಂಚು ನೆಟ್ಟಗೆ, ತಗ್ಗು ಕಡೆ ಗಡ್ಡ, ಕಿರೀಟ ಎಲ್ಲಾ ಚೊಕ್ಕ. ಗಾಂಧಿ ಬಜಾರಲ್ಲಿ ಯಾವ ಅಕ್ಕಸಾಲಿಗರಾದ್ರೂ ತೂಕ ಮಾಡಿ ಕೊಡ್ತಾರೆ, 4.86 ಗ್ರಾಂ ಹತ್ರ ಬರಬೇಕು, ಸವೆದಿದ್ರೆ ಚೂರು ಕಮ್ಮಿ.

ಬಿದನೂರು ನಾಣ್ಯದ ಪ್ಯಾರಾ ಪೂರ್ತಿ ತೆಗೀರಿ. ಇಕ್ಕೇರಿ ನಾಯಕರದಾಗ್ಲಿ, 1763ರಲ್ಲಿ ಬಿದನೂರು ಹಿಡಿದ ಮೇಲೆ ಹೈದರಾಲಿ ಅದೇ ಶಿವಪಾರ್ವತಿ ಚಿತ್ರ ಉಳಿಸ್ಕೊಂಡು ಹಿಂದೆ ತನ್ನ ಹೆಸರಿನ ಮೊದಲಕ್ಷರ ಹಾಕಿಸಿದ ವರಹವಾಗ್ಲಿ, ಎಲ್ಲಾ ಸುತ್ತಿಗೆಯಲ್ಲಿ ಕೈಯಿಂದ ಹೊಡೆದದ್ದು. ಚಿತ್ರ ಒಂದು ಪಕ್ಕಕ್ಕೆ ಸರಿದಿರೋದು, ಅರ್ಧ ಅಕ್ಷರ ಆಚೆ ಹೋಗಿರೋದು ಅಲ್ಲಿ ಮಾಮೂಲಿ, ಅದನ್ನ ಎರರ್ ಅಂತ ಕರೆಯೋದು ಕೈಯಲ್ಲಿ ತಟ್ಟಿದ ಅಕ್ಕಿರೊಟ್ಟಿ ಗುಂಡಗಿಲ್ಲ ಅಂತ ಕಂಪ್ಲೇಂಟ್ ಕೊಟ್ಟಂಗೆ. ಜೊತೆಗೆ ತೋಟದ ಬಸಿಗಾಲುವೆ ತೆಗೀವಾಗ ಸಿಕ್ತು ಅಂತ ಬೇರೆ ಬರೆದಿದೀರಿ. ನಿಧಿ ಮಣ್ಣಲ್ಲಿ ಸಿಕ್ರೆ ಸರ್ಕಾರಕ್ಕೆ ತಿಳಿಸಬೇಕು ಅಂತ ಕಾನೂನೇ ಇದೆ, ಪತ್ರಿಕೇಲಿ ಹಾಕ್ಕೊಂಡು ನಾವಿಬ್ರೂ ಡಿಸಿ ಆಫೀಸಿಗೆ ಅಲೆಯೋದು ಬೇಡ. ಮೊದಲು ಅಲ್ಲಿ ತಿಳಿಸಿ.

ಈಗಿನ ರೂಪಾಯಿ ನಾಣ್ಯಗಳಲ್ಲಿ ಇಸವಿ ಕೆಳಗಿನ ಚುಕ್ಕಿ ತಪ್ಪಲ್ಲ, ನೋಯ್ಡಾ ಟಂಕಸಾಲೆ ಗುರುತು. ನಕ್ಷತ್ರ ಇದ್ರೆ ಹೈದರಾಬಾದು.

ಇನ್ನು ರೇಟು. ಒಂದು ಕಡೆ ಐವತ್ತು ಸಾವಿರ, ಇನ್ನೊಂದು ಕಡೆ ಮೂರು ಲಕ್ಷ, ಯಾರು ಕೊಟ್ರು ಯಾವಾಗ ಕೊಟ್ರು ಏನೂ ಇಲ್ಲ. ಇಂಥದ್ದನ್ನ ನಂಬಿ ಜನ 'ರಿಜಿಸ್ಟ್ರೇಷನ್ ಫೀ' ಕಟ್ಟಿ ಕೈಸುಟ್ಕೊಳ್ತಾರೆ, ರಿಸರ್ವ್ ಬ್ಯಾಂಕೇ 2021ರಲ್ಲಿ ಹಳೇ ನಾಣ್ಯ, ನೋಟಿನ ಮೋಸದ ಬಗ್ಗೆ ಎಚ್ಚರಿಕೆ ಕೊಟ್ಟಿತ್ತು. ನಮ್ಮ ಪತ್ರಿಕೆ ಓದಿ ಒಬ್ಬರು ಕಳಕೊಂಡ್ರೂ ನಂಗೆ ನಿದ್ದೆ ಬರಲ್ಲ. ಲಕ್ಷದ ಮಾತು ಅಷ್ಟೂ ಕಟ್.

ಅಜ್ಜಿಯ ಡಬ್ಬಿ, ಕಾಲಾಣೆ, ನೀವು ಅದನ್ನ ಹೆಂಗೆ ಪರೀಕ್ಷೆ ಮಾಡಿದ್ರಿ, ಇಷ್ಟನ್ನೇ ನಾಲ್ಕು ಪುಟದಲ್ಲಿ ಕಳಿಸಿ. ಅಜ್ಜಿ ಅದನ್ನ ಖರ್ಚು ಮಾಡದೆ ಯಾಕೆ ಇಟ್ಕೊಂಡಿದ್ರು ಅಂತ ಮನೇಲಿ ಯಾರಾದ್ರೂ ಬಲ್ರಾ, ಕೇಳಿ. ಫೋಟೋ ಎರಡೂ ಕಡೆದು ಬೇಕು, ಪಕ್ಕದಿಂದ ಬೆಳಕು ಬಿಟ್ಟು ತೆಗೀರಿ, ಇಲ್ಲಾಂದ್ರೆ ತಗ್ಗು ಯಾವುದು ಉಬ್ಬು ಯಾವುದು ಗೊತ್ತಾಗಲ್ಲ. ಮತ್ತೆ ಫೋಟೋಗೆ ಚಂದ ಕಾಣ್ಲಿ ಅಂತ ಹುಣಸೆಹಣ್ಣು ಹಚ್ಚಿ ಉಜ್ಜಬೇಡಿ ಮಾರಾಯ್ರೆ, ಆ ಕಪ್ಪು ಹಂಗೇ ಇರ್ಲಿ.