ಬೆನ್ನಿನ ಆಪರೇಷನ್‌ನಲ್ಲಿ ಸಿಗ್ನಲ್ ನೋಡೋಕೆ ಒಬ್ಬರು ಬೇಕೇ ಬೇಕಾ?

ತಂಗಿಗೆ ಬೆನ್ನು ಸೊಟ್ಟಗಿದೆ, ಆಪರೇಷನ್ ಹೊತ್ತಲ್ಲಿ ನ್ಯೂರೋಮಾನಿಟರಿಂಗ್ (ನರಗಳ ಸಿಗ್ನಲ್ ಮೇಲೆ ಕಣ್ಣಿಡುವುದು) ಮಾಡುತ್ತಾರಂತೆ, ಸಿಗ್ನಲ್ ಇಳಿದರೆ ಕಂಪ್ಯೂಟರೇ ಅಲಾರಂ ಹೊಡೆಯಬಹುದಲ್ವಾ, ಅದಕ್ಕೊಬ್ಬರು ಬೇರೆ ಯಾಕೆ ಅಂತ ಚಿಕ್ಕಮಗಳೂರಿನಿಂದ ಕೇಳಿದ್ದೀರಿ. ನಾನು ಹಾಸನದವನು, ಇದೇ ಕೆಲಸ ಮಾಡುತ್ತೇನೆ. ಬೇಕೇ ಬೇಕು.

ಕಣಕಾಲಿನ ಒಳಬದಿಯ ನರಕ್ಕೆ ಸಣ್ಣ ಕರೆಂಟ್ ಕೊಡುತ್ತೇವೆ. ಅದು ಬೆನ್ನುಹುರಿಯ ಹಿಂಭಾಗದ ದಾರಿಯಲ್ಲಿ ಮೇಲೆ ಹೋಗಿ ಸುಮಾರು 37 ಮಿಲಿಸೆಕೆಂಡಿಗೆ ಮೆದುಳು ಮುಟ್ಟುತ್ತದೆ. ತಲೆಗೆ ಹಾಕಿದ ಸೂಜಿಯಲ್ಲಿ ಕಾಣುವುದು ಒಂದೆರಡು ಮೈಕ್ರೋವೋಲ್ಟ್ ಅಷ್ಟೇ. ಮೆದುಳಿನ ಮಾಮೂಲಿ ಅಲೆಗಳೇ ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡವು. ನಮ್ಮ ಬಸ್ ಸ್ಟ್ಯಾಂಡಿನ ಗದ್ದಲದಲ್ಲೂ ಕಂಡಕ್ಟರ್ ‘ಬೇಲೂರು, ಚಿಕ್ಕಮಗಳೂರು’ ಅಂತ ಅದನ್ನೇ ಮತ್ತೆ ಮತ್ತೆ ಕೂಗಿದಾಗ ಕಿವಿಗೆ ಬೀಳುತ್ತದಲ್ಲ, ಇಲ್ಲೂ ಹಾಗೇ. ನೂರಾರು ಸಲ ಕರೆಂಟ್ ಕೊಟ್ಟು ಸರಾಸರಿ ತೆಗೆಯುತ್ತೇವೆ. 400 ಸಲದ ಸರಾಸರಿಗೆ ಗದ್ದಲ 20 ಪಟ್ಟು ಇಳಿಯುತ್ತದೆ. ಸೆಕೆಂಡಿಗೆ ಸರಿಯಾಗಿ 5 ಸಲ ಕೊಡುವುದಿಲ್ಲ, 4.7 ಥರ ಇಡುತ್ತೇವೆ, ಯಾಕಂದ್ರೆ ಲೈನಿನ ಕರೆಂಟ್ 50 ಹರ್ಟ್ಸ್, 5 ಇಟ್ಟರೆ ಅದರ ಅಲೆ ಪ್ರತಿ ಸಲವೂ ಅದೇ ಜಾಗಕ್ಕೆ ಬಂದು ಕೂತು ಸರಾಸರಿಯಲ್ಲಿ ಹೋಗುವುದೇ ಇಲ್ಲ. ತೊಂದರೆ ಏನಂದ್ರೆ 400 ಸಲಕ್ಕೆ ಒಂದೂವರೆ ನಿಮಿಷ ಹತ್ತಿರ ಬೇಕು, ಅಷ್ಟು ತಡವಾಗಿಯೇ ನಮಗೆ ಸುದ್ದಿ ಬರುವುದು.

ಸಿಗ್ನಲ್‌ನ ಎತ್ತರ ಅರ್ಧಕ್ಕೆ ಇಳಿದರೆ, ಇಲ್ಲಾ ಬರುವ ಸಮಯ 10% ತಡವಾದರೆ ಎಚ್ಚರಿಸಬೇಕು ಅನ್ನುವುದು ಎಲ್ಲರೂ ಬಳಸುವ ಲೆಕ್ಕ. ಅದನ್ನು ಕಂಪ್ಯೂಟರ್ ಮಾಡುತ್ತದೆ, ಒಪ್ಪಿದೆ. ಆದರೆ ಅರವಳಿಕೆ ಗ್ಯಾಸ್ ಜಾಸ್ತಿಯಾದರೂ ಸಿಗ್ನಲ್ ಇಳಿಯುತ್ತದೆ. ಬಿಪಿ ಇಳಿದರೂ ಇಳಿಯುತ್ತದೆ, ಮೈ ತಣ್ಣಗಾದರೆ ತಡವಾಗುತ್ತದೆ, ಸೂಜಿ ಕಿತ್ತುಬಂದರೆ ಮಾಯವೇ ಆಗುತ್ತದೆ. ಅದಕ್ಕೇ ಮಣಿಕಟ್ಟಿನ ನರವನ್ನೂ ನೋಡುತ್ತಿರುತ್ತೇವೆ. ಎದೆಯ ಮಟ್ಟದ ಬೆನ್ನಿಗೆ ನೇರ ಮಾಡುವ ರಾಡ್ ಹಾಕುವಾಗ ಕಾಲಿನ ಸಿಗ್ನಲ್ ಆ ಜಾಗ ದಾಟಿ ಹೋಗುತ್ತದೆ, ಕೈಯದು ಹೋಗುವುದಿಲ್ಲ. ಹಾಗಾಗಿ ಕೈ, ಕಾಲು ಎರಡರದ್ದೂ ಒಟ್ಟಿಗೆ ಇಳಿದರೆ ಮೊದಲ ಅನುಮಾನ ಅರವಳಿಕೆ, ಬಿಪಿ ಮೇಲೆ. ಕೈಯದು ಗಟ್ಟಿಯಾಗಿದ್ದು ಎರಡೂ ಕಾಲಿನದು ಮಾತ್ರ ಬಿದ್ದರೆ, ಅದೂ ರಾಡ್ ತಿರುಗಿಸಿದ ತಕ್ಷಣ, ಸರ್ಜನ್‌ಗೆ ಆಗಲೇ ಹೇಳಬೇಕು. ಯಾವುದು ಯಾವುದರ ಜೊತೆ, ಯಾವ ಹೊತ್ತಲ್ಲಿ ಇಳಿಯಿತು ಅನ್ನುವುದೇ ಮುಖ್ಯ. ಆಗ ರಾಡ್ ಸಡಿಲ ಮಾಡುತ್ತಾರೆ, ಬಿಪಿ ಏರಿಸುತ್ತಾರೆ. ಎಷ್ಟೋ ಸಲ ಸಿಗ್ನಲ್ ವಾಪಸ್ ಬರುತ್ತದೆ.

ಇನ್ನೊಂದು ವಿಷಯ. ಮೇಲೆ ಹೇಳಿದ್ದು ಸ್ಪರ್ಶದ ದಾರಿ. ಕಾಲು ಆಡಿಸುವ ದಾರಿ ಬೇರೆ, ಮೊದಲನೆಯದು ಚೆನ್ನಾಗಿದ್ದೂ ಇದು ಕೆಡಬಹುದು. ಇದಕ್ಕೆ ತಲೆಯ ಮೇಲಿಂದ ಕರೆಂಟ್ ಕೊಟ್ಟು ಕಾಲಿನ ಸ್ನಾಯುವಿನಲ್ಲಿ ಉತ್ತರ ನೋಡುವ ಪರೀಕ್ಷೆ ಇದೆ, ಎಂಇಪಿ. ಇದಕ್ಕೆ ಸರಾಸರಿ ಬೇಕಿಲ್ಲ, ಉತ್ತರ ತಕ್ಷಣ ಸಿಗುತ್ತದೆ. ಹಿಂದೆ ಇದ್ಯಾವುದೂ ಇರಲಿಲ್ಲ. ರೋಗಿಯನ್ನು ಮಧ್ಯದಲ್ಲೇ ಎಚ್ಚರಿಸಿ ‘ಕಾಲು ಆಡಿಸಿ’ ಅನ್ನುತ್ತಿದ್ದರು. ಫ್ರಾನ್ಸಿನ ಸ್ಟಾನ್ಯಾರಾ ತಂಡ 1973ರಲ್ಲಿ ಪ್ರಕಟಿಸಿದ ವಿಧಾನ ಅದು, ಅನುಮಾನ ಬಂದರೆ ಈಗಲೂ ಮಾಡುತ್ತಾರೆ.

ನೀವು ಎರಡು ಪ್ರಶ್ನೆ ಕೇಳಿ: ಎಂಇಪಿ ಕೂಡ ಮಾಡುತ್ತೀರಾ? ಅರವಳಿಕೆಗೆ ಗ್ಯಾಸ್ ಬದಲು ರಕ್ತನಾಳದ ಔಷಧಿ ಕೊಡುತ್ತೀರಾ? ಗ್ಯಾಸ್ ಎಂಇಪಿಯನ್ನು ತುಂಬಾ ಕುಗ್ಗಿಸುತ್ತದೆ. ತಂಗಿಗೆ ಫಿಟ್ಸ್ ಬಂದಿದ್ದರೆ, ಪೇಸ್‌ಮೇಕರ್ ಅಥವಾ ಕಿವಿಯ ಇಂಪ್ಲಾಂಟ್ ಇದ್ದರೆ ಅರವಳಿಕೆ ಡಾಕ್ಟರಿಗೆ ಮೊದಲೇ ಹೇಳಿಬಿಡಿ.