ಡೀಲಕ್ಸ್ ಆಲ್ಬಂ ಕೊಳ್ಳುವ ಮುಂಚೆ ಎರಡನೇ ಡಿಸ್ಕ್ ನೋಡಿ

ಆಲ್ಬಂ ನಿಮ್ಮ ಹತ್ತಿರ ಆಗಲೇ ಇದೆ, ಹಾಡುಗಳೆಲ್ಲ ಬಾಯಿಪಾಠ. ಈಗ ಅದರದ್ದೇ ವಾರ್ಷಿಕೋತ್ಸವದ ಡೀಲಕ್ಸ್ ಬಾಕ್ಸ್, ಅಂದರೆ ಮೂಲ ಆಲ್ಬಮ್ಮಿಗೆ ಹೆಚ್ಚುವರಿ ಡಿಸ್ಕ್‌ಗಳನ್ನು ಸೇರಿಸಿದ ಪೆಟ್ಟಿಗೆ, ಬರುತ್ತಿದೆ, ಬೆಲೆ ನೋಡಿದರೆ ಎದೆ ಧಸಕ್ಕೆನ್ನುತ್ತದೆ, ಅಭಿಮಾನಿಯಾದವರು ಕೊಳ್ಳಬೇಕೋ ಬಿಡಬೇಕೋ ಎಂದು ಕೇಳಿದ್ದೀರಿ. ಇಂಥವನ್ನು ಕೊಂಡೂ ಇದ್ದೇನೆ, ಕೈಗೆತ್ತಿಕೊಂಡು ವಾಪಸ್ ಇಟ್ಟು ಬಂದದ್ದೂ ಇದೆ. ನಾನಂತೂ ಮೊದಲ ಡಿಸ್ಕ್ ಕಡೆ ನೋಡುವುದೇ ಇಲ್ಲ. ಅದು ನಿಮಗೆ ಗೊತ್ತಿರುವ ಆಲ್ಬಮ್ಮೇ. ಎರಡನೇ ಡಿಸ್ಕಿನಿಂದ ಮುಂದಕ್ಕೆ ಏನಿದೆ ನೋಡಿ. ಆ ಆಲ್ಬಂ ಹೇಗೆ ಆಯಿತು ಅನ್ನುವುದು ಅಲ್ಲಿ ಕಿವಿಗೆ ಬೀಳುವಂತಿದ್ದರೆ ದುಡ್ಡು ಕೊಡಿ, ಇಲ್ಲದಿದ್ದರೆ ಸುಮ್ಮನಿರಿ.

ಅಮೆರಿಕದ ಗಾಯಕ ಬಾಬ್ ಡಿಲನ್ 1965-66ರಲ್ಲಿ ಸ್ಟುಡಿಯೋದಲ್ಲಿ ಹಾಡಿದ್ದನ್ನೆಲ್ಲ ‘ದ ಕಟಿಂಗ್ ಎಡ್ಜ್’ ಎಂಬ ಹೆಸರಿನಲ್ಲಿ 2015ರಲ್ಲಿ ಹೊರತಂದರು. 2 ಡಿಸ್ಕಿನದು, 6 ಡಿಸ್ಕಿನದು, 5,000 ಪ್ರತಿ ಮಾತ್ರ ಮಾಡಿದ 18 ಡಿಸ್ಕಿನದು ಎಂದು ಮೂರು ಗಾತ್ರ. 6 ಡಿಸ್ಕಿನದರಲ್ಲಿ ಒಂದು ಇಡೀ ಡಿಸ್ಕ್ ‘ಲೈಕ್ ಎ ರೋಲಿಂಗ್ ಸ್ಟೋನ್’ ಎಂಬ ಒಂದೇ ಹಾಡಿಗೆ ಮೀಸಲು. ಒಂದೇ ಹಾಡನ್ನು ಅಷ್ಟು ಹೊತ್ತು ಯಾರು ಕೇಳುತ್ತಾರೆ ಅನ್ನಿಸಬಹುದು. ಕೂತು ಕೇಳಿ ನೋಡಿ. 1965ರ ಜೂನ್ 15ರಂದು ಡಿಲನ್ ಪಿಯಾನೋ ನುಡಿಸುತ್ತಾ ಹಾಡನ್ನು ಮೂರರ ಎಣಿಕೆಯಲ್ಲಿ, ವಾಲ್ಟ್ಸ್ ನಡೆಯಲ್ಲಿ ಹಾಡುತ್ತಿದ್ದಾರೆ. ಹಾಡು ಹಿಡಿತಕ್ಕೆ ಬರುತ್ತಿಲ್ಲ, ನಡುವೆಯೇ ಕಳಚಿ ಬೀಳುತ್ತದೆ. ಮರುದಿನ ಎಣಿಕೆ ನಾಲ್ಕಕ್ಕೆ ಬಂದಿದೆ. ನಿರ್ಮಾಪಕ ಟಾಮ್ ವಿಲ್ಸನ್ ಅವರ ಅತಿಥಿಯಾಗಿ ಬಂದಿದ್ದ ಆಲ್ ಕೂಪರ್ ಎಂಬ ಹುಡುಗ ಗಿಟಾರ್ ನುಡಿಸುವ ಆಸೆಯಲ್ಲಿದ್ದವನು, ಅಲ್ಲಿದ್ದ ಗಿಟಾರ್ ವಾದಕ ಮೈಕ್ ಬ್ಲೂಮ್‌ಫೀಲ್ಡ್ ಕೈಚಳಕ ನೋಡಿ ಗಿಟಾರಿನ ಆಸೆ ಬಿಟ್ಟು ಆರ್ಗನ್ ಮುಂದೆ ಹೋಗಿ ಕೂತಿದ್ದಾನೆ. ಬೇರೆಯವರು ಯಾವ ಸ್ವರಕ್ಕೆ ಹೋಗುತ್ತಾರೆ ಎಂದು ಕೇಳಿಸಿಕೊಂಡು ನುಡಿಸುವುದರಿಂದ ಅವನ ಆರ್ಗನ್ ಕೂದಲೆಳೆಯಷ್ಟು ಹಿಂದೆ ಬರುತ್ತದೆ. ಅವತ್ತಿನ ನಾಲ್ಕನೇ ಟೇಕ್‌ನಲ್ಲಿ (ಅಂದರೆ ನಾಲ್ಕನೇ ಸಲ ಹಾಡಿ ಮುದ್ರಿಸಿದಾಗ) ಎಲ್ಲವೂ ಕೂಡಿಬಂತು, ಜಗತ್ತು ಇವತ್ತಿಗೂ ಕೇಳುತ್ತಿರುವುದು ಅದನ್ನೇ. ನನಗೆ ಇಷ್ಟವಾದದ್ದು ಮಾತ್ರ ಅದರ ನಂತರದ್ದು: ಸಿಕ್ಕಿದ್ದು ಸಿಕ್ಕಿದೆ ಎಂದು ಅವರಿಗೆ ಗೊತ್ತೇ ಇಲ್ಲ! ಇನ್ನೂ ಹನ್ನೊಂದು ಟೇಕ್ ಹಾಡುತ್ತಾರೆ, ಒಂದೂ ಆ ನಾಲ್ಕನೆಯದರ ಹತ್ತಿರ ಸುಳಿಯುವುದಿಲ್ಲ. ಮೂಲ ಆಲ್ಬಂ ಎಷ್ಟು ಸಲ ಕೇಳಿದರೂ ಇದು ತಿಳಿಯುವ ಸಂಗತಿಯಲ್ಲ. ಇಂಥದ್ದಕ್ಕೆ ನಾನು ಕಣ್ಣುಮುಚ್ಚಿ ದುಡ್ಡು ಕೊಡುತ್ತೇನೆ. (18 ಡಿಸ್ಕಿನದು ಬೇಡ. 6 ಡಿಸ್ಕಿನದು ಬೇಕಾದಷ್ಟಾಯಿತು.)

ಗಾಯಕ ಪ್ರಿನ್ಸ್ ಅವರ ‘ಸೈನ್ ಓ ದ ಟೈಮ್ಸ್’ ಆಲ್ಬಮ್ಮಿನ 2020ರ ಸೂಪರ್ ಡೀಲಕ್ಸ್ ಕೂಡ ಇದೇ ಸಾಲಿಗೆ ಸೇರುತ್ತದೆ. ಹಿಂದೆಂದೂ ಬಿಡುಗಡೆಯಾಗದ 63 ಟ್ರ್ಯಾಕ್ ಅದರಲ್ಲಿವೆ. ಬೀಟಲ್ಸ್‌ನ ‘ವೈಟ್ ಆಲ್ಬಂ’ನ 2018ರ ಬಾಕ್ಸ್‌ನಲ್ಲಿ ತಂಡದವರು ತಮ್ಮಲ್ಲೊಬ್ಬರಾದ ಜಾರ್ಜ್ ಹ್ಯಾರಿಸನ್ ಅವರ ಮನೆಯಲ್ಲಿ ಕೂತು ಬರೀ ಗಿಟಾರ್ ಹಿಡಿದು ಹಾಡಿಟ್ಟ 27 ಡೆಮೊಗಳಿವೆ, ಅಂದರೆ ಹಾಡುಗಳ ಕಚ್ಚಾ ರೂಪಗಳು. ಆ ಒಂದು ಡಿಸ್ಕೇ ಬೇರೊಂದು ಆಲ್ಬಂ ಎನ್ನಬಹುದು.

ಇನ್ನು ಶಬ್ದದ ವಿಷಯ. ಪೆಟ್ಟಿಗೆಯ ಮೇಲೆ ರೀಮಾಸ್ಟರ್ ಎಂದಿದೆಯೋ ರೀಮಿಕ್ಸ್ ಎಂದಿದೆಯೋ ಸರಿಯಾಗಿ ಓದಿ. ರೀಮಾಸ್ಟರ್ ಮಾಡುವವರ ಕೈಯಲ್ಲಿರುವುದು ಆಗಲೇ ಬೆರೆಸಿ ಮುಗಿಸಿದ ಹಾಡು. ಹಿಟ್ಟು ಕಲಸಿದ ಮೇಲೆ ಉಪ್ಪು ಹೊರತೆಗೆಯಲು ಬರುವುದಿಲ್ಲವಲ್ಲ, ಅವರ ಸ್ಥಿತಿಯೂ ಅಷ್ಟೇ. ಒಟ್ಟು ಹಾಡಿನ ಬಣ್ಣ, ಏರಿಳಿತ, ಜೋರು ಸ್ವಲ್ಪ ತಿದ್ದಬಹುದು. ಮೆಟಾಲಿಕಾ ಎಂಬ ರಾಕ್ ತಂಡದ ‘ಆ್ಯಂಡ್ ಜಸ್ಟೀಸ್ ಫಾರ್ ಆಲ್’ (1988) ಆಲ್ಬಮ್ಮಿನಲ್ಲಿ ಬೇಸ್ ಗಿಟಾರ್ ಕೇಳಿಸುವುದೇ ಇಲ್ಲ ಎಂಬ ದೂರು ಎಷ್ಟು ಹಳೆಯದೆಂದು ನಿಮಗೂ ಗೊತ್ತಿರಬಹುದು. 2018ರಲ್ಲಿ ರೀಮಾಸ್ಟರ್ ಬಂದಾಗ ಬಹಳ ಜನ ಆಸೆಪಟ್ಟರು. ಬಂದದ್ದು ರೀಮಾಸ್ಟರ್, ಬೇಸ್ ಇದ್ದ ಜಾಗದಲ್ಲೇ ಇತ್ತು.

ರೀಮಿಕ್ಸ್ ಹಾಗಲ್ಲ, ಅದರಲ್ಲಿ ವಾದ್ಯ, ದನಿಗಳನ್ನು ಬೆರೆಸುವ ಮುಂಚೆ ಮುದ್ರಿಸಿದ ಬೇರೆಬೇರೆ ಟ್ರ್ಯಾಕ್‌ಗಳಿಗೇ ಮರಳಿ ಹೋಗುತ್ತಾರೆ. ಬೀಟಲ್ಸ್‌ನ ‘ಸಾರ್ಜೆಂಟ್ ಪೆಪರ್ಸ್’ ಆಲ್ಬಮ್ಮನ್ನು 1966-67ರಲ್ಲಿ ನಾಲ್ಕು ಟ್ರ್ಯಾಕ್‌ನ ಯಂತ್ರದಲ್ಲಿ ಮುದ್ರಿಸಿದ್ದು. ನಾಲ್ಕೂ ತುಂಬಿದರೆ ಅವನ್ನು ಬೆರೆಸಿ ಇನ್ನೊಂದು ಟೇಪ್‌ಗೆ ಇಳಿಸಿ ಜಾಗ ಮಾಡಿಕೊಳ್ಳುತ್ತಿದ್ದರು. ಇಳಿಸಿದಷ್ಟೂ ಸಲ ಶಬ್ದ ಮಂಕಾಗುತ್ತಿತ್ತು. ಅದರ ಜೊತೆಗೆ ತಂಡದವರು ಖುದ್ದು ಕೂತು ತಲೆಕೆಡಿಸಿಕೊಂಡದ್ದು ಎಲ್ಲ ಶಬ್ದವೂ ಒಂದೇ ವಾಹಿನಿಯಲ್ಲಿ ಬರುವ ಮೋನೋ ಮಿಕ್ಸ್‌ಗೆ, ಎಡ-ಬಲಕ್ಕೆ ಹಂಚುವ ಸ್ಟೀರಿಯೋವನ್ನು ಅವರಿಲ್ಲದೆ ಬೇಗಬೇಗ ಮುಗಿಸಿದ್ದರು. 2017ರಲ್ಲಿ ನಿರ್ಮಾಪಕ ಜಾರ್ಜ್ ಮಾರ್ಟಿನ್ ಅವರ ಮಗ ಜೈಲ್ಸ್ ಮಾರ್ಟಿನ್ ಇಳಿಸುವುದಕ್ಕೂ ಮುಂಚಿನ ಟೇಪ್‌ಗಳನ್ನು ತೆಗೆದು ಹೊಸದಾಗಿ ಬೆರೆಸಿದರು. ತಂಡದ ಡ್ರಮ್ಮರ್ ರಿಂಗೋ ಅವರ ಡ್ರಮ್ಸ್ ಎಷ್ಟು ತೂಕದ್ದು ಎಂದು ಅಲ್ಲಿ ಗೊತ್ತಾಗುತ್ತದೆ. ಅವರದ್ದೇ ‘ರಿವಾಲ್ವರ್’ ಆಲ್ಬಮ್ಮಿನ ಸಮಸ್ಯೆ ಇನ್ನೂ ಬಿಗಿ. ಅದರ ‘ಟ್ಯಾಕ್ಸ್‌ಮ್ಯಾನ್’ ಹಾಡಿನಲ್ಲಿ ಗಿಟಾರ್, ಬೇಸ್, ಡ್ರಮ್ಸ್ ಮೂರೂ ಒಂದೇ ಟ್ರ್ಯಾಕ್‌ನಲ್ಲಿ ಕೂತಿದ್ದವು. ಚಿತ್ರನಿರ್ದೇಶಕ ಪೀಟರ್ ಜ್ಯಾಕ್ಸನ್ ಅವರ ತಂಡ ಬೀಟಲ್ಸ್ ಸಾಕ್ಷ್ಯಚಿತ್ರಕ್ಕಾಗಿ ಕಟ್ಟಿದ್ದ ಸಾಫ್ಟ್‌ವೇರ್ ಬಳಸಿ ಅವನ್ನು ಬಿಡಿಸಿದ ಮೇಲೆಯೇ 2022ರ ರೀಮಿಕ್ಸ್ ಸಾಧ್ಯವಾದದ್ದು. ಕೆಲವರಿಗೆ ಇದು ಹಳೆಯ ಚಿತ್ರಕ್ಕೆ ಕೈಹಚ್ಚಿದ ಹಾಗೆ ಅನ್ನಿಸುತ್ತದೆ. ಹಳೆಯ ಮಿಕ್ಸ್ ಎಲ್ಲಿಗೂ ಓಡಿಹೋಗಿಲ್ಲ, ಎರಡನ್ನೂ ಇಟ್ಟುಕೊಳ್ಳಬಹುದು ಎಂಬುದು ನನ್ನ ಉತ್ತರ.

ಎಲ್ಲ ರೀಮಿಕ್ಸ್ ಚಿನ್ನವೆಂದೂ ತಿಳಿಯಬೇಡಿ. 1973ರ ‘ರಾ ಪವರ್’ ಆಲ್ಬಮ್ಮನ್ನು 1997ರಲ್ಲಿ ಅದರ ಗಾಯಕ ಇಗ್ಗಿ ಪಾಪ್ ತಾವೇ ರೀಮಿಕ್ಸ್ ಮಾಡಿ ಎಲ್ಲವನ್ನೂ ಎಷ್ಟು ಜೋರು ಮಾಡಿದರೆಂದರೆ ಶಬ್ದ ಒಡೆದು ಕಿರಿಚುತ್ತದೆ. ರಾಕ್ ಗಾಯಕ ಆಝಿ ಆಸ್ಬರ್ನ್ ಆಲ್ಬಂಗಳದ್ದು ಅದಕ್ಕಿಂತ ಅತಿರೇಕ. 2002ರಲ್ಲಿ ‘ಬ್ಲಿಝರ್ಡ್ ಆಫ್ ಆಝ್’ ಮತ್ತು ‘ಡೈರಿ ಆಫ್ ಎ ಮ್ಯಾಡ್‌ಮನ್’ ಮರುಬಿಡುಗಡೆಯಾದಾಗ ಮೂಲ ಬೇಸ್, ಡ್ರಮ್ಸ್ ಎರಡನ್ನೂ ತೆಗೆದು ಬೇರೆಯವರಿಂದ ನುಡಿಸಿ ಹಾಕಿದ್ದರು. 2011ರಲ್ಲಿ ಮೂಲವನ್ನು ವಾಪಸ್ ತಂದರು. ಸೆಕೆಂಡ್‌ಹ್ಯಾಂಡ್ ಕೊಳ್ಳುವವರು ಇಸವಿ ನೋಡದೆ ದುಡ್ಡು ಕೊಡಬಾರದು ಎನ್ನುವುದು ಇದಕ್ಕೇ.

ಜೋರಿನ ಬಗ್ಗೆ ಇನ್ನೊಂದು ಮಾತು. ತೊಂಬತ್ತರ ದಶಕದ ನಂತರದ ಎಷ್ಟೋ ರೀಮಾಸ್ಟರ್‌ಗಳಲ್ಲಿ ಮೆಲುದನಿಯನ್ನೂ ಏರುದನಿಯನ್ನೂ ಒಂದೇ ಮಟ್ಟಕ್ಕೆ ಒತ್ತಿಬಿಟ್ಟಿರುತ್ತಾರೆ. ಮೊದಲ ಸಲ ಕೇಳಿದಾಗ ‘ಆಹಾ’ ಅನ್ನಿಸುತ್ತದೆ, ಯಾಕೆಂದರೆ ಜೋರಾಗಿರುವುದು ಕಿವಿಗೆ ಚೆನ್ನಾಗಿರುವಂತೆ ಕೇಳುತ್ತದೆ. ಹೊಸದರ ವಾಲ್ಯೂಮ್ ತಗ್ಗಿಸಿ ಹಳೆಯದರ ಮಟ್ಟಕ್ಕೆ ತಂದು, ಒಂದಾದ ಮೇಲೊಂದು ಹಾಕಿ ಕೇಳಿ. ಆಗಲೂ ಹೊಸದೇ ಇಷ್ಟವಾದರೆ ಸರಿ. ನನ್ನ ಶೆಲ್ಫಿನಲ್ಲಿ ಹಳೆಯ ಸಿಡಿಯೇ ಗೆದ್ದು ಉಳಿದ ಆಲ್ಬಂಗಳು ಕಡಿಮೆಯೇನಲ್ಲ.

ಆಟಿಕೆ ಸಾಮಾನುಗಳಿಗೆ ಮರುಳಾಗಬೇಡಿ. ರಾಕ್ ತಂಡ ಪಿಂಕ್ ಫ್ಲಾಯ್ಡ್‌ನ 2011ರ ಇಮ್ಮರ್ಶನ್ ಬಾಕ್ಸ್‌ಗಳಲ್ಲಿ ಗೋಲಿಗಳು, ಸ್ಕಾರ್ಫ್, ಲೋಟದ ಕೆಳಗಿಡುವ ಕೋಸ್ಟರ್‌ಗಳನ್ನು ಕೊಟ್ಟಿದ್ದರು. ಗೋಲಿಗಳು! ಚೆನ್ನಾಗಿ ಬರೆದ ಪುಸ್ತಕವಿದ್ದರೆ ಅದರ ಮಾತು ಬೇರೆ. ಯಾವ ದಿನ ಯಾರು ಏನು ನುಡಿಸಿದರು ಎಂದು ವಿವರವಾಗಿ ಬರೆದಿದ್ದರೆ ಟೇಕ್‌ಗಳನ್ನು ಕೇಳುವಾಗ ಅದು ಪಕ್ಕದಲ್ಲಿರಬೇಕು.

ಐವತ್ತು ವರ್ಷದ ಹೊತ್ತಿಗೆ ಇದ್ದಕ್ಕಿದ್ದಂತೆ ಹಳೆಯ ಟೇಪ್‌ಗಳು ಯಾಕೆ ಹೊರಬೀಳುತ್ತವೆ ಎಂಬುದಕ್ಕೆ ಅಭಿಮಾನಿಗಳ ಮೇಲಿನ ಪ್ರೀತಿಯೊಂದೇ ಕಾರಣವಲ್ಲ. ಯುರೋಪಿನಲ್ಲಿ ಧ್ವನಿಮುದ್ರಣಗಳ ಹಕ್ಕನ್ನು 50 ವರ್ಷದಿಂದ 70ಕ್ಕೆ ಏರಿಸುವ ಕಾನೂನು 2011ರಲ್ಲಿ ಬಂತು. ಆದರೆ 50 ವರ್ಷದೊಳಗೆ ಬಿಡುಗಡೆ ಮಾಡದಿದ್ದರೆ ಆ ಹೆಚ್ಚುವರಿ 20 ವರ್ಷ ಸಿಗುವುದಿಲ್ಲ. ಅದಕ್ಕೇ 2012ರ ಕೊನೆಗೆ ಡಿಲನ್ ಹಳೆಯ ಟೇಪ್‌ಗಳ ಒಂದು ಸಂಗ್ರಹವನ್ನು ಸುಮಾರು ನೂರು ಪ್ರತಿ ಮಾತ್ರ ಮಾಡಿ ಯುರೋಪಿನಲ್ಲಿ ಬಿಟ್ಟರು, ಮರುವರ್ಷ ಬೀಟಲ್ಸ್‌ನ 1963ರ 59 ಟ್ರ್ಯಾಕ್‌ಗಳು ಸದ್ದಿಲ್ಲದೆ ಐಟ್ಯೂನ್ಸ್‌ನಲ್ಲಿ ಕಾಣಿಸಿಕೊಂಡವು. ಹಕ್ಕು ಉಳಿಸಿಕೊಳ್ಳಲು ಬಿಟ್ಟದ್ದೆಂದ ಮಾತ್ರಕ್ಕೆ ಕೇಳಲು ಕೆಟ್ಟದ್ದೇನಲ್ಲ, ಆದರೆ ಅದನ್ನು ‘ಅಪರೂಪ’ವೆಂದು ದುಬಾರಿಗೆ ಮಾರುವವರ ಮಾತಿಗೆ ಬೀಳಬೇಡಿ.

ಆಲ್ಬಂ ಬಂದ ವಾರಕ್ಕೇ ‘ಡೀಲಕ್ಸ್’ ಬರುವ ಇತ್ತೀಚಿನ ರೂಢಿ ನಿಮ್ಮ ಪ್ರಶ್ನೆಗೆ ಸಂಬಂಧಿಸಿದ್ದಲ್ಲ. ಅಮೆರಿಕದ ರ್‍ಯಾಪರ್ ಲಿಲ್ ಉಝಿ ವರ್ಟ್ 2020ರಲ್ಲಿ ಒಂದೇ ವಾರದಲ್ಲಿ 14 ಹಾಡು ಸೇರಿಸಿದ್ದರು. ಅದು ಸ್ಟ್ರೀಮಿಂಗ್ ಲೆಕ್ಕದ ಆಟ, ಹಾಡು ಹೆಚ್ಚಿದಷ್ಟೂ ಕೇಳಿದ ಎಣಿಕೆ ಹೆಚ್ಚುತ್ತದೆ. ಕೇಳಿ, ಕೊಳ್ಳುವ ಗೋಜಿಗೆ ಹೋಗಬೇಡಿ.

ಈಗ ನಿಮ್ಮ ಬಾಕ್ಸ್‌ಗೆ ಬರೋಣ. ಬಿಡುಗಡೆಯ ದಿನ ಬಹುತೇಕ ಎಲ್ಲ ಆಡಿಯೋ ಸ್ಟ್ರೀಮಿಂಗ್‌ನಲ್ಲಿ ಬಂದಿರುತ್ತದೆ. ಮುಂಗಡ ಬುಕ್ ಮಾಡುವ ಬದಲು ಅವತ್ತು ಎರಡನೇ ಡಿಸ್ಕಿನಿಂದ ಕೇಳಲು ಶುರುಮಾಡಿ, ಒಂದು ವಾರ ಬಿಟ್ಟು ಮತ್ತೆ ಕೇಳಬೇಕು ಅನ್ನಿಸುತ್ತದೆಯೋ ನೋಡಿ. ಸೀಮಿತ ಪ್ರತಿಗಳೆಂದು ಹೆದರಿಸುತ್ತಿದ್ದರೆ ಎಷ್ಟು ಪ್ರತಿ ಎಂಬ ಸಂಖ್ಯೆ ಕೊಟ್ಟಿದ್ದಾರೋ ಗಮನಿಸಿ, ಸಂಖ್ಯೆಯೇ ಇಲ್ಲದಿದ್ದರೆ ಆ ಮಾತಿಗೆ ಬೆಲೆಯಿಲ್ಲ. ಆಲ್ಬಂ ಯಾವುದೆಂದು ನೀವು ಬರೆದಿಲ್ಲ. ಟ್ರ್ಯಾಕ್‌ಗಳ ಪಟ್ಟಿ ಇಲ್ಲಿ ಹಾಕಿದರೆ ಅದರಲ್ಲಿ ನಿಜಕ್ಕೂ ಹೊಸದೆಷ್ಟು, ಹಳೆಯ ಬೋನಸ್ ಡಿಸ್ಕಿನಿಂದ ಎತ್ತಿ ಹಾಕಿದ್ದೆಷ್ಟು ಎಂದು ನೋಡಿ ಹೇಳುತ್ತೇನೆ.